ಕೊನೆಯ ಸಾಲಿನ ‘ನೀನು’

ಒಂದು ‘ವು’ ಅಕ್ಷರಕ್ಕೆ ನಾನು ಇಷ್ಟು ತಲೆ ಕೆಡಿಸಿಕೊಂಡದ್ದು ಇದೇ ಮೊದಲು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಒಬ್ಬರು ಮುದುಕರಿದ್ದಾರೆ. ಅಮೆರಿಕದಲ್ಲಿ ಹುಟ್ಟಿದ ಐರಿಷ್ ಮನೆತನದವರು, ನಾಟಕಕಾರರು. ಪ್ರಾಯದಲ್ಲಿ ಅವರ ಎರಡು ನಾಟಕ ಹೆಸರು ಮಾಡಿದವು. ಮೂರನೆಯದು ಮಕಾಡೆ ಮಲಗಿತು. ಹೆಂಡತಿಯ ಊರೆಂದು ಇಲ್ಲಿಗೆ ಬಂದು, ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದರು. ಆ ಮೂರನೆಯದನ್ನು ಸಾಯುವ ಮೊದಲು ಒಮ್ಮೆ ಸರಿಯಾಗಿ ಆಡಿದ್ದು ನೋಡಬೇಕೆಂಬುದು ಅವರ ಆಸೆ. ನಮ್ಮ ಕನ್ನಡ ಸಂಘದ ಯುಗಾದಿಗೆಂದು ನಾನು ಅದನ್ನು ಕನ್ನಡಕ್ಕೆ ತಂದೆ.

ನಾಟಕದ ಕಥೆ ಇಷ್ಟೆ: ಬಂದರಿನಲ್ಲಿ ಮೂಟೆ ಹೊರುವ ಅಪ್ಪ, ಜಗಳವಾಡಿ ಮನೆ ಬಿಟ್ಟ ಮಗ. ಕೊನೆಗೆ ಅಪ್ಪನ ಹೆಣದ ಮುಂದೆ ಮಗ ಹೇಳುವುದು ಒಂದೇ ಮಾತು: ‘ನೀವು ನನ್ನನ್ನು ವಾಪಸ್ ಕರೆಯಲೇ ಇಲ್ಲ.’

ಇಂಗ್ಲಿಷಿನ ‘ಯೂ’ಗೆ ನಮ್ಮಲ್ಲಿ ಎರಡು ಪದ ಎಂದು ವಿವರಿಸಿದಾಗ ಮುದುಕರು ಕನ್ನಡಕ ತೆಗೆದರು.

“ಅಮ್ಮನಿಗೆ ಯಾವುದು?”

“ನೀನು.”

“ದೇವರಿಗೆ?”

“ಅದೂ ನೀನು.”

“ಅಪ್ಪನಿಗೆ?”

“ನಮ್ಮ ಮನೆಯಲ್ಲಿ ನೀವು.”

“ಹಾಗಾದರೆ ನಾಟಕವೆಲ್ಲ ನೀವು ಇರಲಿ, ಕೊನೆಯ ಸಾಲು ಮಾತ್ರ ನೀನು. ಇಂಗ್ಲಿಷಿನಲ್ಲಿ ನನಗೆ ಸಿಗದೇ ಹೋದದ್ದು ಅದೇ.”

ಅಭ್ಯಾಸದ ದಿನ ಸಂಘದ ಕಾರ್ಯದರ್ಶಿ ತಗಾದೆ ತೆಗೆದರು. “ಅಪ್ಪಂಗೆ ನೀನು ಅನ್ನೋದೇನ್ರೀ? ಇಲ್ಲಿ ಹುಟ್ಟಿರೋ ನಮ್ಮ ಮಕ್ಕಳು ಮೊದಲೇ ಸಿಕ್ಕಿದವರಿಗೆಲ್ಲ ನೀನು ಅಂತಾರೆ. ಊರಿಂದ ಬಂದಿರೋ ಹಿರಿಯರು ಮುಂದಿನ ಸಾಲಲ್ಲೇ ಕೂತಿರ್ತಾರೆ!”

ಮಗನ ಪಾತ್ರದ ಡಾಕ್ಟರು ವಿದನ್‌ಶಾ ಆಸ್ಪತ್ರೆಯಲ್ಲಿ ಪಾಳಿ ಅದಲುಬದಲು ಮಾಡಿಕೊಂಡು ಬಂದಿದ್ದರು. “ಯಾವುದಾದ್ರೂ ಒಂದು ಫಿಕ್ಸ್ ಮಾಡಿ ಸರ್, ನಂಗೆ ಡ್ಯೂಟಿ ಇದೆ,” ಎಂದರು.

ನಾನು ಕೂಗಾಡಿದೆ. ನಾಟಕವನ್ನೇ ಕೈಬಿಡೋಣ ಎಂಬ ಮಾತು ಬಂದಾಗ ಬಾಯಿ ಮುಚ್ಚಿಕೊಂಡೆ. ‘ನೀವು’ ಉಳಿಯಿತು. ಮುದುಕರಿಗೆ ಹೇಳಲು ಧೈರ್ಯ ಸಾಲಲಿಲ್ಲ. ಕನ್ನಡ ಬಾರದವರಿಗೆ ಎಲ್ಲಿ ತಿಳಿಯುತ್ತದೆ ಅಂದುಕೊಂಡೆ. ಎಂಥ ಹೇಡಿ ನಾನು.

ಆಟದ ದಿನ ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಹೊರಗೆ ಟ್ರಾಮ್ ಸ್ಟಾಪಿನಲ್ಲಿ ಮುದುಕರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದರು.

“ನಿನ್ನ ಭಾಷೆಯಲ್ಲಿ ನಾನು ಕಲಿತದ್ದು ಎರಡೇ ಪದ,” ಎಂದರು. “ಕೊನೆಯಲ್ಲಿ ಕೇಳಿಸಿದ್ದು ನೀವು.”

ಸಮಿತಿ, ಮಕ್ಕಳು, ಹಿರಿಯರು ಎಂದೆಲ್ಲ ತಡವರಿಸಿದೆ. ಅವರು ರೇಗಿದ್ದರೆ ಎಷ್ಟೋ ವಾಸಿಯಿತ್ತು.

“ಹೋಗಲಿ ಬಿಡು,” ಎಂದರು ಟ್ರಾಮ್ ಹತ್ತುತ್ತ. “ನಮ್ಮಪ್ಪ ಬದುಕಿದ್ದಾಗ ನಾನೂ ಅವನಿಗೆ ಅದನ್ನು ಹೇಳಲಿಲ್ಲ.”