ಬಾಗಿಲಾಚೆಯ ಮಂಜ

ದೆವ್ವ, ಭೂತ, ಗಾಳಿ ಸೋಕಿತು ಎಂದು ಯಾರಾದರೂ ಶುರು ಮಾಡಿದರೆ ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ನೀವೂ ಹಾಗೇ ಎದ್ದು ಹೋದರೆ ನನಗೇನೂ ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ, ಅಷ್ಟೆ.

ನಮ್ಮದು ದೊಡ್ಡಬಳ್ಳಾಪುರದ ನೇಯ್ಗೆಯ ಮನೆ. ಹಿಂದಿನ ಅರ್ಧ ಮಗ್ಗಕ್ಕೆ, ಮುಂದಿನ ಅರ್ಧ ಸಂಸಾರಕ್ಕೆ. ಮಗ್ಗದ ಸದ್ದಿನಲ್ಲೇ ಬೆಳೆದ ನಮಗೆ ಮೆತ್ತಗೆ ಮಾತಾಡಲು ಬರುವುದಿಲ್ಲ, ಗುಟ್ಟನ್ನೂ ಕೂಗಿಯೇ ಹೇಳುವವರು. ನನ್ನ ತಮ್ಮ ಮಂಜನಂತೂ ಫೋನಿಲ್ಲದೆಯೇ ಹೊಸಕೋಟೆಗೆ ಕೇಳಿಸುವಷ್ಟು ಜೋರು.

ಲಾಕ್‌ಡೌನ್ ಬಂದು ಮಗ್ಗ ನಿಂತವು. ಅಪ್ಪ ಅಮ್ಮ ಮಧುರೆಯಲ್ಲಿ ಚಿಕ್ಕಮ್ಮನ ಮನೆಯಲ್ಲೇ ಸಿಕ್ಕಿಕೊಂಡರು. ಹೊತ್ತು ಹೋಗದೆ ನಾನು ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಓದಿ, ಮಂಜನಿಗೆ ಕನ್ನಡದಲ್ಲಿ ಹೇಳತೊಡಗಿದೆ. ರೋಗ ಬಂದು ಲೋಕದವರೆಲ್ಲ ರಕ್ತ ಹೀರುವವರಾಗಿರುತ್ತಾರೆ. ಉಳಿದವನು ಒಬ್ಬನೇ. ಹಗಲು ಹೊರಗೆ ಹೋಗಿ ಅವರನ್ನು ಕೊಲ್ಲುತ್ತಾನೆ, ಕತ್ತಲಾದರೆ ಅವರು ಬಂದು ಅವನ ಮನೆ ಮುತ್ತುತ್ತಾರೆ. ಬೀದಿಯಲ್ಲಿ ನರಪಿಳ್ಳೆಯಿಲ್ಲದ ಆ ದಿನಗಳಲ್ಲಿ ಅದು ಕಥೆ ಅನ್ನಿಸುತ್ತಲೇ ಇರಲಿಲ್ಲ. ನಾನು ಆ ಒಂಟಿ ಮನುಷ್ಯನ ಪಕ್ಷ. ಮಂಜ ಒಪ್ಪುತ್ತಿರಲಿಲ್ಲ. "ಹೊರಗಿರೋರ್ ಕಡೆಯಿಂದ ನೋಡಕ್ಕಾ, ಅವ್ರಿಗೆ ಇವ್ನೇ ರಾಕ್ಷಸ!" ಎಂದು ಸೂರು ಹಾರುವಂತೆ ಕೂಗುತ್ತಿದ್ದ. ಓದುಗರನ್ನು ಆ ಪುಸ್ತಕ ಇಷ್ಟು ವರ್ಷ ಹಿಡಿದಿಟ್ಟಿರುವುದು ಇದಕ್ಕೇ ಇರಬೇಕು. ಯಾರ ಪಕ್ಷ ಹಿಡಿದೆವು ಎಂದು ಕೊನೆಗೆ ನಮಗೇ ದಿಗಿಲಾಗುತ್ತದೆ.

ಒಂದು ಸಂಜೆ ಮಂಜ ಹಾಲು ತರಲು ಹೋಗಿದ್ದ. ನಾನು ದೀಪ ಹಚ್ಚಿ ಏಳುವಷ್ಟರಲ್ಲಿ "ಅಕ್ಕಾ, ಬಾಗ್ಲು ತೆಗಿ!" ಎಂದು ಹೊರಗಿನಿಂದ ಮಂಜ ಕೂಗಿದ್ದು ಕೇಳಿಸಿತು. ಚಿಲಕಕ್ಕೆ ಕೈ ಹಾಕಿದೆ. ಹಿಂದಿನಿಂದ ಯಾರೋ ನನ್ನ ಮುಂಗೈ ಹಿಡಿದರು. ತಿರುಗಿದರೆ ಮಂಜ.

ಹಿತ್ತಿಲಿಂದ ಯಾವಾಗ ಬಂದನೋ ತಿಳಿಯಲಿಲ್ಲ. "ತೆಗೀಬೇಡ," ಎಂದು ಕಿವಿಯ ಹತ್ತಿರ ಪಿಸುಗುಟ್ಟಿದ.

ಬಾಗಿಲ ಪಕ್ಕದ ಕಿಟಕಿ ತೆರೆದಿತ್ತು. ಆಚೆ ಕತ್ತಲು, ಮುಖ ಕಾಣಲಿಲ್ಲ. ಸರಳುಗಳ ನಡುವೆ ಒಂದು ಕೈ ಮಾತ್ರ ಒಳಗೆ ನುಗ್ಗಿ ನನ್ನ ಸೆರಗು ಹಿಡಿಯಿತು. "ಅಕ್ಕಾ, ನಿನ್ ಪಕ್ಕ ಇರೋದ್ ಯಾರಕ್ಕಾ? ನಾನಿಲ್ಲಿದೀನಿ ಕಣಕ್ಕಾ!"

ಒಳಗಿದ್ದವನು ಮಗ್ಗದಲ್ಲಿ ನೂಲು ಹೊತ್ತು ಓಡುವ ಲಾಳಿ ಎತ್ತಿಕೊಂಡು ಬಂದ. ಅದರ ಎರಡು ತುದಿಗೂ ಉಕ್ಕಿನ ಮೊನೆ. ಆ ಕೈಯನ್ನು ಸರಳಿಗೆ ಒತ್ತಿ ಹಿಡಿದು ಚುಚ್ಚಿದ. ಕಿತ್ತು ಮತ್ತೆ ಚುಚ್ಚಿದ. ಬಿಸಿ ರಕ್ತ ನನ್ನ ಮುಖಕ್ಕೆ ಸಿಡಿಯಿತು. ಬಿಡಿಸಲು ಹೋದ ನನ್ನ ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿದ, ಮುಂದಿನ ಹಲ್ಲು ಮುರಿದು ಬಾಯಿ ತುಂಬ ರಕ್ತವಾಯಿತು. ಚಿಕ್ಕಂದಿನಿಂದ ನನ್ನ ಮೇಲೆ ಕೈ ಎತ್ತಿದವನಲ್ಲ ಮಂಜ. ನಾನು ತೆವಳಿಕೊಂಡು ಬಾಗಿಲ ಹತ್ತಿರ ಹೋದಾಗಲೆಲ್ಲ ಎಳೆದು ಒದ್ದ. ಹೊರಗೆ ಬಾಗಿಲಿಗೆ ಮೈಯೇ ಬಂದು ಬಡಿಯುತ್ತಿತ್ತು. "ಅಕ್ಕಾ, ಅಕ್ಕಾ" ಎಂಬ ಅಳು ಬರಬರುತ್ತಾ ಇಳಿದು ನಿಂತಿತು.

ಇವನು ಲಾಳಿ ತೊಳೆದು ಒರೆಸಿಟ್ಟ. "ಹಾಲು ಸಿಗ್ಲಿಲ್ಲ," ಎಂದು ಮೆಲ್ಲಗೆ ಹೇಳಿ ಊಟಕ್ಕೆ ಕೂತ.

ಬೆಳಗ್ಗೆ ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ರಕ್ತ ಒಣಗಿತ್ತು. ಅದರ ನಡುವೆ ಒಡೆದ ಎರಡು ಹಾಲಿನ ಪ್ಯಾಕೆಟ್. ಎದುರು ಮನೆಯ ಅತ್ತೆಯನ್ನು, ರಾತ್ರಿ ಏನಾದರೂ ಕೇಳಿಸಿತಾ ಎಂದು ಕೇಳಿದೆ. "ನಿಮ್ ಮಂಜ ಕೂಗಾಡೋದು ಹೊಸ್ದೇನಮ್ಮಾ?" ಎಂದರು.

ಸುತ್ತಮುತ್ತ ಯಾರೂ ಕಾಣೆಯಾಗಲಿಲ್ಲ, ಯಾರ ಹೆಣವೂ ಸಿಗಲಿಲ್ಲ. ಇವನ ಕೈಯಲ್ಲಿ ಒಂದು ಗೀರೂ ಇಲ್ಲ. ರೋಗದ ಭಯಕ್ಕೆ ನನಗೇ ತಲೆ ಕೆಟ್ಟಿತ್ತು ಎಂದುಕೊಳ್ಳಬಹುದಿತ್ತು, ಮುರಿದ ಹಲ್ಲು ಬಿಡುವುದಿಲ್ಲ. ಈಗ ಅವನಿಗೆ ಮದುವೆಯಾಗಿದೆ, ಮಗ್ಗ ಚೆನ್ನಾಗಿ ನಡೆಯುತ್ತಿವೆ. ಅಂದಿನಿಂದ ಅವನು ದನಿ ಎತ್ತಿ ಮಾತಾಡಿದ್ದಿಲ್ಲ. ಮಗನಿಗೆ ಕೊನೆಗೂ ಬುದ್ಧಿ ಬಂತು ಎಂದು ಅಮ್ಮನಿಗೆ ಸಂತೋಷ.

ಅವನ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತೇನೆ. ಏನು ನಡೆಯಿತೆಂದು ಇಂದಿಗೂ ನನಗೆ ಗೊತ್ತಿಲ್ಲ. ಆದರೆ ಸಂಜೆ ಹೊತ್ತು ಯಾರೇ ಬಾಗಿಲು ಬಡಿದರೂ ಓಡಿಹೋಗಿ ತೆಗೆಯುತ್ತೇನೆ, ಮಂಜ ಒಳಗೇ ಕೂತಿದ್ದರೂ.