ಗೋವಾದಲ್ಲಿ ಕೂಗೋರು ಬೇಕಾಗಿದ್ದಾರೆ

"ಶೈಲಾ, ಗೋವಾ ನಿಮ್ಮೂರಿಗೆ ಹತ್ತಿರಾನಾ?"

ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಪಕ್ಕದ ಮನೆಯ ರೋಸಾ ಕೇಳಿದ್ದು ಇದನ್ನೇ. ಗುಡ್ ಮಾರ್ನಿಂಗ್ ಇಲ್ಲ, ಚಳಿಯ ಬಗ್ಗೆ ಎರಡು ಮಾತಿಲ್ಲ. ಕೈಯಲ್ಲಿ ಹಿಮ ತೆಗೆಯುವ ಸಲಿಕೆ, ತಲೆಯ ಮೇಲೆ ಉಣ್ಣೆಯ ಟೋಪಿ, ಕಾಲಲ್ಲಿ ಮಾತ್ರ ಮನೆಯೊಳಗಿನ ಚಪ್ಪಲಿ!

"ಹತ್ತಿರಾನಾ ಅಂತ ಕೇಳ್ತೀಯಲ್ಲ, ಕೂಗಳತೆ!" ಅಂದೆ.

(ಬೆಳಗಾವಿಯಿಂದ ಪಣಜಿಗೆ ಘಾಟು ಇಳಿದು ಹೋಗಬೇಕು, ಮೂರು ನಾಲ್ಕು ತಾಸಿನ ದಾರಿ. ಆದರೆ ನಾನಿರುವ ವರ್ಜೀನಿಯಾದ ಆಲ್ಡಿ ಊರಲ್ಲಿ ನಿಂತು ನೋಡಿದರೆ ಅದೂ ಕೂಗಳತೆಯೇ.)

"ಹಾಗಾದ್ರೆ ಅಲ್ಲಿ ನಿನ್ನ ಜನ ಇರ್ತಾರೆ."

"ಬೇಕಾದಷ್ಟು!"

ಈ "ಬೇಕಾದಷ್ಟು" ನಮ್ಮ ಕಡೆಯವರ ಹುಟ್ಟುಗುಣ. ಯಾರಾದರೂ ಯಾವ ಊರಿನ ಹೆಸರಾದರೂ ಹೇಳಲಿ, "ಅಲ್ಲಿ ನಮ್ಮವರದಾರ, ಹೇಳತೀನಿ ತಗೋರಿ" ಅಂದುಬಿಡುತ್ತೇವೆ. ರೈಲಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತನನ್ನೂ ಚಿಕ್ಕಪ್ಪನ ಮನೆಗೆ ಊಟಕ್ಕೆ ಕಳಿಸುವ ಮಂದಿ ನಾವು. ಚಿಕ್ಕಪ್ಪನನ್ನು ಕೇಳುವ ಅಭ್ಯಾಸ ಮಾತ್ರ ಇಲ್ಲ.

ರೋಸಾಳನ್ನು ಒಳಗೆ ಕರೆದು ಚಹಾ ಕೊಟ್ಟೆ. ಆಗ ವಿಷಯ ಹೊರಗೆ ಬಂತು.

ರೋಸಾ ಮೊಜಾಂಬಿಕ್ ದೇಶದವಳು. ಅವಳ ತಂಗಿಯ ಮಗಳು ಡೆಲ್ಫಿನಾಗೆ ಹತ್ತೊಂಬತ್ತು ವರ್ಷ, ಎಂಟುನೂರು ಮೀಟರ್ ಓಡುತ್ತಾಳೆ. ಪೋರ್ಚುಗೀಸ್ ಮಾತಾಡುವ ದೇಶಗಳೆಲ್ಲ ಸೇರಿ ಒಲಿಂಪಿಕ್ಸ್ ಥರದ ಕೂಟವೊಂದನ್ನು ನಡೆಸುತ್ತವಂತೆ, ಹೆಸರು ಲುಸೊಫೋನಿ ಗೇಮ್ಸ್. ಬ್ರೆಜಿಲ್, ಅಂಗೋಲಾ, ಮಕಾವ್, ಪೋರ್ಚುಗಲ್, ಜೊತೆಗೆ ನಮ್ಮ ಇಂಡಿಯಾ (ಎಲ್ಲ ಗೋವಾದ ಪುಣ್ಯ). ಈ ಜನವರಿಯಲ್ಲಿ ಅದು ನಡೆಯುವುದೂ ಗೋವಾದಲ್ಲೇ. ಡೆಲ್ಫಿನಾ ಅಲ್ಲಿ ಓಡುವವಳಿದ್ದಾಳೆ.

"ಓಹೋ, ಕಂಗ್ರಾಟ್ಸ್!" ಅಂದೆ.

ರೋಸಾ ನಗಲಿಲ್ಲ. "ಅವಳ ಅಮ್ಮ ಒಂದು ರೇಸೂ ಬಿಟ್ಟವಳಲ್ಲ. ಬಿಸಿಲಿರಲಿ, ಮಳೆ ಇರಲಿ, ಗೆರೆ ಪಕ್ಕ ನಿಂತು ಹೆಸರು ಹಿಡಿದು ಕೂಗ್ತಿದ್ಲು. ಹೋದ ವರ್ಷ ತೀರ್ಕೊಂಡ್ಲು. ಈಗ ಹುಡುಗಿ ಏನಂತಾಳೆ ಗೊತ್ತಾ? ಆಂಟಿ, ಕಾಲು ಓಡುತ್ತೆ, ಆದರೆ ಕಿವಿ ಹುಡುಕುತ್ತೆ ಅಂತಾಳೆ. ನನಗೆ ರಜ ಸಿಗಲ್ಲ. ಶೈಲಾ, ನಿನ್ನ ಜನರಲ್ಲಿ ಒಬ್ಬರು ಹೋಗಿ ಅವಳ ಹೆಸರು ಕೂಗಬಹುದಾ? ಒಬ್ಬರು ಸಾಕು."

"ಒಬ್ಬರೇನು, ಒಂದು ಗುಂಪನ್ನೇ ಕಳಿಸ್ತೀನಿ!"

ನೋಡಿ, ಬಾಯಿ ಮತ್ತೆ ಓಡಿತು.

ಅವಳು ಹೋದ ಮೇಲೆ ಫೋನ್ ಹಿಡಿದು ಕೂತೆ. ಮೊದಲು ನಮ್ಮ ಕನ್ನಡ ಕೂಟದ ಗ್ರೂಪಿಗೆ ಬರೆದೆ: ಗೋವಾದಲ್ಲಿ ಕೂಗೋರು ಬೇಕಾಗಿದ್ದಾರೆ. ಹತ್ತು ನಿಮಿಷದಲ್ಲಿ ಹೆಬ್ಬೆರಳುಗಳ ಸುರಿಮಳೆ. ಒಬ್ಬರು ಒಳ್ಳೆ ರೆಸಾರ್ಟ್ ಸಜೆಸ್ಟ್ ಮಾಡಿದರು. ಇನ್ನೊಬ್ಬರು, "ಫೆನಿ ತರೋದಾದ್ರೆ ನನಗೂ ಎರಡು ಬಾಟ್ಲು" ಅಂದರು. ಕೂಟದ ಡಾಕ್ಟರ್ ಅಂಕಲ್ ಒಬ್ಬರು, ಪಾಪ, ಗೋವಾ ವಿಮೋಚನೆಯ ಇತಿಹಾಸವನ್ನು ಪುಟಗಟ್ಟಲೆ ಬರೆದರು. ಕೂಗುವವರು ಮಾತ್ರ ಸಿಗಲಿಲ್ಲ.

ಜಾನ್ಸ್ ಕ್ರೀಕ್‌ನಲ್ಲಿರುವ ಗೆಳತಿಗೆ ಫೋನ್ ಮಾಡಿದೆ. ಅವಳ ತಮ್ಮ ಹುಬ್ಬಳ್ಳಿಯಲ್ಲಿದ್ದ ನೆನಪು. "ಅಯ್ಯೋ, ಅವನು ಪುಣೆಗೆ ಹೋಗಿ ಎಷ್ಟೋ ವರ್ಷ ಆಯ್ತಲ್ಲೇ! ನಿಂಗೆ ಹೇಳಿರ್ಲಿಲ್ವಾ?" ಅಂದಳು. ಬಹುಶಃ ಹೇಳಿದ್ದಳು.

ಆಮೇಲೆ ನನ್ನ ಊರಿನವರದೇ ಹೆಸರುಗಳು. ಕಾಲೇಜಿನ ಗೆಳತಿಯ ನಂಬರ್ ಅಸ್ತಿತ್ವದಲ್ಲಿಲ್ಲ. ಸೋದರಮಾವನ ಮಗ ಇಲ್ಲವಾಗಿದ್ದಾನೆ, ಅದನ್ನು ನನಗೆ ಹೇಳಿದ್ದು ಅವನ ಸೊಸೆ. "ತಾವು ಯಾರಂತ ಗೊತ್ತಾಗಲಿಲ್ರಿ" ಅಂತಲೂ ಅಂದಳು. ಓಣಿಯ ಪಕ್ಕದ ಮನೆಯವರು ಮನೆ ಮಾರಿ ಮಗಳ ಊರಿಗೆ ಹೋಗಿದ್ದಾರೆ.

ಷಾರ್ಲಟ್‌ನಲ್ಲಿರುವ ಮಗನಿಗೆ ಗೋಳು ಹೇಳಿಕೊಂಡೆ. ಅವನದು ಅಮೆರಿಕನ್ ಉತ್ತರ: "ಅಮ್ಮಾ, ಯಾಕೆ ಯೆಸ್ ಅಂದೆ? ಜಸ್ಟ್ ಟೆಲ್ ಹರ್ ಯು ಡೋಂಟ್ ಹ್ಯಾವ್ ಎನಿಬಡಿ."

ಹೇಳಿಬಿಡು, ನನಗೆ ಯಾರೂ ಇಲ್ಲ ಅಂತ. ಎಷ್ಟು ಸಲೀಸು! ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಹುಡುಗಿಗೆ ಒಬ್ಬರನ್ನು ಹುಡುಕಲು ಹೊರಟವಳಿಗೆ ತನಗೇ ಒಬ್ಬರಿಲ್ಲ ಅನ್ನುವುದು ತಿಳಿಯಿತು. ಅಳು ಬಂತು. ಒಲೆಯ ಮೇಲಿನ ಹಾಲು ಉಕ್ಕಿ ಹರಿಯುವವರೆಗೂ ಅತ್ತೆ.

ರೋಸಾಳನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ, ನಿಜ ಹೇಳುತ್ತೇನೆ. ಅವಳಿಗೆ ಕೂದಲು ಕತ್ತರಿಸುವವಳು ಬ್ರೆಜಿಲ್‌ನವಳು, ಚರ್ಚಿನಲ್ಲಿ ಅಂಗೋಲಾದವರು, ಬೇಕರಿಯಲ್ಲಿ ಪೋರ್ಚುಗಲ್‌ನ ಮುದುಕ. ಎಲ್ಲರ ಜೊತೆ ಬಾಯ್ತುಂಬ ಮಾತಾಡುತ್ತಾಳೆ. ಭಾಷೆ ಬಂದದ್ದು ಆಳಲು ಬಂದವರಿಂದ, ಆದರೂ ಅದನ್ನೇ ನೆಪ ಮಾಡಿಕೊಂಡು ಇವರು ಓಡುತ್ತಾರೆ, ಕುಣಿಯುತ್ತಾರೆ, ಜಗಳವಾಡುತ್ತಾರೆ. ನಮಗೋ ಆಳಿದವರ ಹಂಗಿಲ್ಲದ ಭಾಷೆ ಇದೆ. ಯುಗಾದಿಗೆ ಮಿಡ್ಲ್ ಸ್ಕೂಲಿನ ಕೆಫೆಟೇರಿಯಾದಲ್ಲಿ ಸೇರುತ್ತೇವೆ, ಬಿಸಿಬೇಳೆಬಾತಿನ ಕ್ಯೂನಲ್ಲಿ ನಿಂತು ಟ್ರಾಫಿಕ್ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿ ವಾಪಸ್ ಬರುತ್ತೇವೆ. ನನ್ನ ಬೆಳಗಾವಿ ಕನ್ನಡವಂತೂ ಯಜಮಾನರು ಹೋದ ದಿನವೇ ಮನೆಯಿಂದ ಹೋಯಿತು. ಅವರು ಹೋದ ಮೇಲೆ ಈ ಮನೆಯಲ್ಲಿ "ಯಾಕ, ಚಾ ಮಾಡಲೇನ?" ಅಂತ ಕೇಳಲು ಯಾರಿದ್ದಾರೆ?

ಕೊನೆಗೆ ಉಳಿದದ್ದು ಒಂದೇ ನಂಬರು. ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡ ಮೇಲೆ ನಮ್ಮ ನಡುವೆ ಮಾತು ಕಡಿಮೆಯಾಗುತ್ತಾ ಹಬ್ಬಕ್ಕೊಂದು ಮೆಸೇಜಿಗೆ ಬಂದು ನಿಂತಿತ್ತು. ಜಗಳವೇನೂ ಆಗಿಲ್ಲ. ಆಗಿದ್ದರೆ ಬೈಯಲಿಕ್ಕಾದರೂ ಫೋನ್ ಮಾಡುತ್ತಿದ್ದೆವು.

"ಏನವಾ ಶೈಲಾ, ದಾರಿ ತಪ್ಪಿ ಹಚ್ಚಿದೇನ ಫೋನು?"

"ಆರಾಮದೀರೇನ್ರಿ ವೈನಿ?" ಅಂದೆ. ಎಷ್ಟೋ ವರ್ಷದ ಮೇಲೆ ನನ್ನ ಬಾಯಿಂದ ಆ ಕನ್ನಡ ಬಂತು.

ವಿಷಯವನ್ನೆಲ್ಲ ಹೇಳಿದೆ. ವೈನಿ ಪೂರ್ತಿ ಕೇಳಿಸಿಕೊಂಡರು.

"ತಡಿ, ನಾ ಒಮ್ಮೆ ಹೇಳ್ತೀನಿ, ಬರೋಬ್ಬರಿ ಐತೋ ಇಲ್ಲೋ ನೋಡು. ಓಡಾಕಿ ಮೊಜಾಂಬಿಕ್‌ದಾಕಿ. ಆಕಿ ಮಾವಶಿ ನಿನ್ನ ಬಾಜೂ ಮನ್ಯಾಕಿ. ಕೂಗಾಕಿ ನಾನು!"

"ಹೌದ್ರಿ."

"ಅಣ್ಣ ಹೋದ ಮ್ಯಾಲೆ ವೈನಿ ಉಂಡ್ಲೋ ಬಿಟ್ಲೋ ಅಂತ ಕೇಳಾಕ ಫೋನ್ ಬರಲಿಲ್ಲ. ಈಗ ಬಂತು."

"ತಪ್ಪಾತ್ರಿ ವೈನಿ" ಅಂದೆ.

"ಆ ಹುಡುಗಿಗೆ ತಾಯಿ ಇಲ್ಲಂದಿ?"

"ಇಲ್ರಿ."

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಆಮೇಲೆ, "ಹೋಗ್ತೀನಿ ತಗೋ. ಆದ್ರ ಒಬ್ಬಾಕಿನ ಹೋಗಂಗಿಲ್ಲ. ತಾಯಿಲ್ಲದ ಹುಡುಗಿ ನಮ್ಮ ಕಡೆ ಬಂದೈತಿ, ಉಡಿ ತುಂಬಲಾರದ ಕಳಸಾಕ ಬರತೈತೇನ? ನಾ ಅಂತೂ ತುಂಬೂ ಹಂಗಿಲ್ಲ. ಭಜನಾ ಮಂಡಳದ ಮೂರು ಮಂದಿ ಮುತ್ತೈದೇರನ್ನ ಕರ್ಕೊಂಡು ಹೋಗ್ತೀನಿ" ಅಂದರು.

(ಮೈಸೂರು ಕಡೆಯ ಓದುಗರೇ, ನೀವು ಮಡಿಲಕ್ಕಿ ಅನ್ನುವುದೇ ನಮ್ಮ ಉಡಿ. ತವರಿಗೆ ಬಂದ ಮಗಳು ಹೊರಡುವಾಗ ಸೆರಗೊಡ್ಡಿ ನಿಲ್ಲುತ್ತಾಳೆ. ಅದಕ್ಕೆ ಅಕ್ಕಿ, ಕೊಬ್ಬರಿ, ಅರಿಷಿಣ, ಕುಪ್ಪಸದ ಖಣ ಹಾಕುತ್ತಾರೆ. ಗಂಡ ತೀರಿಕೊಂಡವಳು ತುಂಬುವಂತಿಲ್ಲ, ತುಂಬಿಸಿಕೊಳ್ಳುವಂತಿಲ್ಲ. ನಿಮ್ಮಲ್ಲೂ ಹಾಗೇ ಅಲ್ಲವೇ?)

ಓಟದ ದಿನ ಗೋವಾದಲ್ಲಿ ಸಂಜೆ, ನಮ್ಮಲ್ಲಿ ಬೆಳಗು. ರೋಸಾ ಕೆಲಸಕ್ಕೆ ಹೋಗುವ ಬಟ್ಟೆಯಲ್ಲೇ ಬಂದು ನನ್ನ ಅಡುಗೆಮನೆಯಲ್ಲಿ ಕೂತಳು. ಕಂಪ್ಯೂಟರಿನಲ್ಲಿ ಹುಡುಕಿದೆವು, ಲೈವ್ ಸಿಗಲಿಲ್ಲ. ಟೇಬಲ್ ಮೇಲೆ ನನ್ನ ಫೋನ್ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತೆವು. ಅವಳು ಜಪಮಾಲೆ ಹಿಡಿದಿದ್ದಳು. ನಾನು ಸುಮ್ಮನೆ ಒಗ್ಗರಣೆ ಅವಲಕ್ಕಿ ಕಲಸುತ್ತಿದ್ದೆ, ಅದರಲ್ಲಿ ಕಲಸುವಂಥದ್ದೇನೂ ಉಳಿದಿರಲಿಲ್ಲ. ವೈನಿ ಹೋಗಿರುತ್ತಾರೋ ಇಲ್ಲವೋ? ಬಸ್ಸು ಘಾಟಿನಲ್ಲಿ ಕೆಟ್ಟು ನಿಂತಿದ್ದರೆ?

ಫೋನ್ ಬಂತು. ಸ್ಪೀಕರಿಗೆ ಹಾಕಿದೆ. ಮೊದಲು ಬರೀ ಗದ್ದಲ, ಗಾಳಿ, ಮೈಕಿನ ದನಿ. ಆಮೇಲೆ ನಮ್ಮ ವೈನಿ, ಅರವತ್ತೈದು ದಾಟಿದ, ಗಂಡಸರ ಮುಂದೆ ಜೋರಾಗಿ ಕೆಮ್ಮದ ನಮ್ಮ ವೈನಿ: "ಡೆಲ್ಫಿನಾ! ಓಡವಾ! ಡೆಲ್ಫಿನಾ! ನಮ್ಮವ್ವಾ, ಓಡ, ಓಡ!"

ಹಿಂದೆ ಮೂವರು ಹೆಂಗಸರು ಅದೇ ಹೆಸರನ್ನು ಭಜನೆಯ ಹಾಗೆ ಹಿಡಿದಿದ್ದರು. ಒಬ್ಬಾಕೆ ತಾಳವನ್ನೂ ತಂದಿದ್ದರು ಅಂತ ಕಾಣುತ್ತದೆ, ಝಣ್ ಝಣ್ ಅನ್ನುತ್ತಿತ್ತು.

ರೋಸಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಅರ್ಥವಾಗಿದ್ದು ಆ ಹೆಸರೊಂದೇ. ಅಷ್ಟು ಸಾಕಾಗಿತ್ತು.

"ಗೆದ್ಲೇನ್ರಿ ವೈನಿ?" ನಾನು ಚೀರಿದೆ.

"ಯಾಂವಗ್ ಗೊತ್ತವಾ! ಎಲ್ಲಾರೂ ಓಡಿ ಮುಗಿಸ್ಯಾರ, ನಾವಿನ್ನೂ ಒದರ್ಕೋತ ನಿಂತೀವಿ!"

ಕೊನೆಯಿಂದ ಎರಡನೆಯವಳಾಗಿ ಬಂದಳಂತೆ. ರೋಸಾಗೆ ಡೆಲ್ಫಿನಾ ಕಳಿಸಿದ ಮೆಸೇಜಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಇದ್ದದ್ದು ಇಷ್ಟೇ: ಆಂಟಿ, ಕೇಳಿಸಿತು.

ಮರುದಿನ ಬೆಳಗ್ಗೆ ಭಜನಾ ಮಂಡಳದಾಕೆಯೊಬ್ಬರ ಫೋನಿನಿಂದ ಫೋಟೋ ಬಂತು. ಸ್ಟೇಡಿಯಮ್ಮಿನ ಗೇಟು. ಎತ್ತರದ ಹುಡುಗಿಯೊಬ್ಬಳು, ಹಣೆಯ ತುಂಬ ಕುಂಕುಮ. ಟ್ರ್ಯಾಕ್ ಸೂಟಿನ ಜಾಕೆಟ್ಟನ್ನು ಮುಂದೆ ಹಿಡಿದು ಬಗ್ಗಿದ್ದಾಳೆ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಖಣ. ರೋಸಾಗೆ ತೋರಿಸಲು ಅವಳ ಮನೆಗೆ ಓಡಿದೆ.

"ಇದೇನು?" ಅಂದಳು.

ಹೇಳಿದೆ. ಮಗಳು ತವರಿನಿಂದ ಬರಿಗೈಯಲ್ಲಿ ಹೋಗಬಾರದು, ಮತ್ತೆ ಬರಬೇಕು, ಅದಕ್ಕೆ ಹೀಗೆ ಅಂತ. ರೋಸಾ ಫೋನನ್ನು ಎದೆಗೆ ಒತ್ತಿಕೊಂಡಳು.

"ನೀನು ಹೊರಡುವಾಗಲೂ ಮಾಡ್ತಾರಾ?"

"ಮಾಡ್ತಿದ್ರು."

ಯಜಮಾನರು ಹೋದ ಮೇಲೆ ನಾನು ಊರಿಗೆ ಹೋದದ್ದು ಒಂದೇ ಸಲ. ಹೊರಡುವಾಗ ಅಣ್ಣ ಸೂಟ್‌ಕೇಸ್ ಎತ್ತಿ ಕಾರಿನಲ್ಲಿಟ್ಟ. ವೈನಿ ಬಾಗಿಲಲ್ಲಿ ನಿಂತಿದ್ದರು, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಯಾರೂ ಏನೂ ತಪ್ಪು ಮಾಡಲಿಲ್ಲ. ಪದ್ಧತಿ ಅಷ್ಟೇ. ಆದರೆ ನನ್ನ ಸೆರಗು ಬರಿದಾಗಿತ್ತು, ಅಂದಿನಿಂದ ಆ ಊರು ನನ್ನದು ಅನ್ನಿಸಲಿಲ್ಲ. ಕೆಲಸ, ಮೊಣಕಾಲು, ಟಿಕೆಟ್ಟಿನ ರೇಟು ಅಂತ ನೂರೆಂಟು ನೆಪ ಹೇಳಿದೆ. ಅಣ್ಣ ಹೋದಾಗಲೂ ಹೋಗಲಿಲ್ಲ. ಇದನ್ನೆಲ್ಲ ಇಂಗ್ಲಿಷಿನಲ್ಲಿ ರೋಸಾಗೆ ಹೇಗೆ ಹೇಳುವುದು? ಅವಳು ಫೋಟೋ ನೋಡುತ್ತಲೇ ಇದ್ದಳು.

"ಯಾರಿದು, ಅಕ್ಕಿ ಹಾಕ್ತಿರೋದು? ಇವರ ಹಣೆ ಮೇಲೆ ಮಾತ್ರ ಕೆಂಪು ಬೊಟ್ಟಿಲ್ಲ" ಅಂದಳು.

ಕನ್ನಡಕ ಹಾಕಿಕೊಂಡು ನೋಡಿದೆ. ಮೂವರು ಮುತ್ತೈದೆಯರು ಪಕ್ಕಕ್ಕೆ ನಿಂತಿದ್ದರು. ಬೊಗಸೆ ತುಂಬ ಅಕ್ಕಿ ಹಿಡಿದು ಬಗ್ಗಿದ್ದವರು ನಮ್ಮ ವೈನಿ.

ಅಲ್ಲಿಂದಲೇ ಫೋನ್ ಹಚ್ಚಿದೆ.

"ವೈನಿ, ನೀವ... ಉಡಿ ತುಂಬಿದ್ರಿ?"

"ಹೂಂ. ಅವರು ಮೂವರೂ ತುಂಬಿದ್ರು. ನಾ ಹಿಂದ ಸರದ ನಿಂತಿದ್ದೆ. ಆ ಹುಡುಗಿಗೇನ್ ಗೊತ್ತವಾ, ಸೀದಾ ನನ್ನ ಮುಂದ ಬಂದು ಜಾಕೀಟ ಒಡ್ಡಿದ್ಲು. ಒದರಿದಾಕಿ ನಾನ ಅಂತ ದನೀ ಮ್ಯಾಲಿಂದ ಗುರುತು ಹಿಡಿದಾಳ. ಒಡ್ಡಿದಾಕಿಗೆ ಇಲ್ಲ ಅನ್ನಲೇನ?"

"ಉಳದವರು ಏನೂ ಅನ್ನಲಿಲ್ಲೇನ್ರಿ?"

"ಬಸ್ಸಿನ್ಯಾಗ ಒಬ್ಬಾಕಿ ಅಂದ್ಲು. ಅನ್ನಲಿ. ಹುಡುಗಿ ನಕ್ಕೋತ ಹೋತು, ಕೆಟ್ಟದ್ದೇನ ಆತು? ಇಷ್ಟ ವರ್ಷ ಸುಳ್ಳ ಸುಳ್ಳ ಕೈ ಕಟಗೊಂಡ ನಿಂತೆ ಅನಿಸ್ತು."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ರೋಸಾ ನನ್ನ ಭುಜ ಹಿಡಿದುಕೊಂಡಳು. ಆ ಕಡೆಯಿಂದ ವೈನಿ, ಸಂತೆಗೆ ಯಾವಾಗ ಹೋಗೋಣ ಅಂತ ಕೇಳುವ ದನಿಯಲ್ಲಿ, ಕೇಳಿದರು:

"ನೀ ಯಾವಾಗ ಬಂದು ಸೆರಗ ಒಡ್ಡತಿ, ಹೇಳು?"