ಫೋಟೋ ಇಲ್ಲದ ಮದುಮಗಳ ಫ್ರೇಮ್

ಆಟಿ ತಿಂಗಳಲ್ಲಿ ನಾನು ಆರ್ಡರ್ ತೆಗೆದುಕೊಳ್ಳುವುದಿಲ್ಲ. ಮದುವೆ ಹಾರದ ಹೂಗಳನ್ನು ಒಣಗಿಸಿ, ಅವುಗಳ ಮೇಲೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ ದ್ರವ ಸುರಿದು, ಗೋಡೆಗೆ ತೂಗುಹಾಕುವಂಥ ಫ್ರೇಮ್ ಮಾಡಿಕೊಡುವುದು ನನ್ನ ಕೆಲಸ. ಪುತ್ತೂರಿನ ದರ್ಬೆಯಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಯೇ ಅಂಗಡಿ. ಜಡಿಮಳೆಯ ಆ ತಿಂಗಳಲ್ಲಿ ಗಾಳಿಯ ತೇವಕ್ಕೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ; ಮೇಲೆ ಮಬ್ಬು ಕೂರುತ್ತದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಅಲ್ಲದೆ ಆಟಿಯಲ್ಲಿ ನಮ್ಮ ಕಡೆ ಯಾರು ಮದುವೆಯಾಗುತ್ತಾರೆ? ಹಾಗಾಗಿ ಬಾಗಿಲು ಹಾಕಿಕೊಂಡು ಆರಾಮವಾಗಿರುವ ತಿಂಗಳು ಅದು.

ಹಾಗಿರುವಾಗ ಕಳೆದ ವರ್ಷ ಆಟಿ ಶುರುವಾದ ಹೊಸತರಲ್ಲೇ ಇಚಿಲಂಪಾಡಿಯಿಂದ ಒಬ್ಬ ಹೆಂಗಸು ಬಸ್ಸು ಹಿಡಿದು ಬಂದರು. ನನಗಿಂತ ಹಿರಿಯರು. ಒದ್ದೆ ಕೊಡೆಯನ್ನು ಹೊರಗೆ ಬಿಟ್ಟು, ಬಾಳೆಲೆಯ ಕಟ್ಟೊಂದನ್ನು ಎದೆಗೆ ಒತ್ತಿಕೊಂಡೇ ಕೂತರು. ಬಿಚ್ಚಿದರೆ ಎರಡು ಹಾರ. ಮಲ್ಲಿಗೆ, ನಡುನಡುವೆ ಕೆಂಪು ಗುಲಾಬಿ.

"ಮಗಳ ಮದುವೆದು. ಗೋಡೆಗೆ ಹಾಕುವ ಹಾಗೆ ಮಾಡಿಕೊಡ್ತೀರಂತೆ," ಎಂದರು.

"ಆಟಿಯಲ್ಲಿ ಮದುವೆಯಾ?" ನನಗೆ ಬಾಯಿ ತಡೆಯಲಿಲ್ಲ.

"ಹೌದು, ನಿನ್ನೆ ಆಯ್ತು."

ಅಷ್ಟೇ ಹೇಳಿ ಹಾರಗಳನ್ನು ನನ್ನ ಕಡೆ ಸರಿಸಿದರು. ನನ್ನ ತಲೆ ಎಲ್ಲೆಲ್ಲಿಗೋ ಓಡಿತು. ಹುಡುಗಿ ಯಾರ ಜೊತೆಗೋ ಓಡಿಹೋಗಿರಬೇಕು, ರಿಜಿಸ್ಟರ್ ಮದುವೆ ಆಗಿರಬೇಕು, ಪಾಪ ಈ ತಾಯಿ ಮರ್ಯಾದೆ ಮುಚ್ಚಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ನಡುವೆ ಇಡಲು ಜೋಡಿಯ ಫೋಟೋ ಕೇಳಿದೆ. ಫೋಟೋ ಇಲ್ಲವಂತೆ. ಹೆಸರು ಕೇಳಿದೆ.

"ಮದುಮಗಳು, ಮದುಮಗ ಅಂತ ಬರೆದ್ರೆ ಸಾಕಾಗ್ತದೆ."

ಎಂಥ ಮದುವೆ ಮಾರಾಯ್ರೆ ಇದು! ಇಷ್ಟು ಗುಟ್ಟು ಮಾಡುವವರು ಅದನ್ನು ಗೋಡೆಗೆ ತೂಗುಹಾಕುವುದಾದರೂ ಯಾಕೆ? ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಮಳೆಗಾಲ, ಆಗುವುದಿಲ್ಲ ಎಂದು ಕಳಿಸಿಬಿಡೋಣವೆಂದರೆ, ಅವರು ಬರಿದಾದ ಬಾಳೆಲೆಯನ್ನು ಸಹ ಮಡಚಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಮನಸ್ಸು ಬರಲಿಲ್ಲ.

"ಆಯ್ತು ಅಕ್ಕ. ಹಿಂದಿನ ಬಣ್ಣ ಯಾವುದು ಹಾಕುದು? ನಾನು ಯಾವಾಗಲೂ ಮದುಮಗಳಿಗೆ ಇಷ್ಟದ್ದೇ ಹಾಕುದು. ಅವಳಿಗೆ ಒಂದು ಫೋನ್ ಮಾಡಿ ಕೇಳಿ."

ಅವರು ನನ್ನ ಮುಖ ನೋಡಿದರು. "ಅವಳಿಗೆ ಎಂತ ಬಣ್ಣ ಇಷ್ಟ ಅಂತ ನನಗೆ ಗೊತ್ತಿಲ್ಲ ಮೇಡಂ. ನಾನು ಬಾಣಂತಿ ಹಾಸಿಗೆಯಿಂದ ಏಳುವ ಮೊದಲೇ ಹೋದ್ಲು. ಹೆಸರು ಸಹ ಇಟ್ಟಿರ್ಲಿಲ್ಲ."

ನನ್ನ ಬಾಯಿಗೆ ಬೆಂಕಿ ಬೀಳ! ಕುಲೆ ಮದುವೆ, ಪ್ರೇತಗಳ ಮದುವೆ. ಮದುವೆಯಾಗದೆ ತೀರಿಹೋದ ಮಕ್ಕಳಿಗೆ, ಬದುಕಿದ್ದರೆ ಮದುವೆಯ ವಯಸ್ಸಾಗುವ ಹೊತ್ತಿಗೆ, ಹಾಗೆಯೇ ಎಳೆಯದರಲ್ಲಿ ಹೋದ ಇನ್ನೊಂದು ಮನೆಯ ಮಗುವನ್ನು ನೋಡಿ ಮದುವೆ ಮಾಡಿಸುತ್ತಾರೆ. ಹೆಚ್ಚಾಗಿ ಆಟಿಯಲ್ಲೇ. ಚಿಕ್ಕಂದಿನಿಂದ ಕೇಳಿದ್ದೆ, ಒಂದನ್ನೂ ನೋಡಿರಲಿಲ್ಲ. ಹುಡುಗನ ಕಡೆಯವರು ಕುಂಬ್ರದವರು ಎಂದರು. ಒಂದು ಕುರ್ಚಿಯಲ್ಲಿ ಸೀರೆ, ಇನ್ನೊಂದರಲ್ಲಿ ಪಂಚೆ ಇಟ್ಟು ಹಾರ ಬದಲಾಯಿಸಿದರಂತೆ.

"ಅವಳದ್ದು ಅಂತ ಹೇಳ್ಲಿಕ್ಕೆ ನನ್ನ ಹತ್ರ ಒಂದು ಬಟ್ಟೆ ಸಹ ಇಲ್ಲ. ಇದೊಂದು ಉಳಿಸಿಕೊಡಿ," ಎಂದು ಹೇಳಿ ಎದ್ದರು.

ಅವರು ಹೋದ ಮೇಲೆ ಕೆಲಸಕ್ಕೆ ಕೂತೆ. ಹೂ ಬಿಡಿಸಿ, ತೇವ ಹೀರುವ ಪುಡಿಯೊಳಗೆ ಹೂತು ಡಬ್ಬಿ ಮುಚ್ಚಿದೆ. ಇದನ್ನು ಎಲ್ಲಿ ಇಡುವುದು? ಬೇರೆ ಮದುವಣಗಿತ್ತಿಯರ ಹೂಗಳ ಜೊತೆ ಕಪಾಟಿನಲ್ಲಿ ಇಡಬಹುದೋ, ಬಾರದೋ? ಮೊದಲು ನೆಲದ ಮೇಲೆ ಇಟ್ಟೆ. ಛೆ, ಇವಳೇನು ಪಾಪ ಮಾಡಿದ್ದಾಳೆ ಅನ್ನಿಸಿ ಕಪಾಟಿಗೆ ಏರಿಸಿದೆ. ಅತ್ತೆಯನ್ನು ಕೇಳಿದರೆ, "ಹುಷಾರು, ಮದುವೆ ಹೂ ಅದು," ಎಂದರು. ಹುಷಾರು ಎಂದರೆ ಹೆದರಬೇಕೋ, ಗೌರವ ಕೊಡಬೇಕೋ?

ಬಣ್ಣದ್ದು ಇನ್ನೊಂದು ಪಚೀತಿ. ತೆಳು ಗುಲಾಬಿ ಕಲಸಿದೆ. ತೊಟ್ಟಿಲ ಮಗುವಿನ ಬಣ್ಣವಾಯಿತು. ಕಡುಗೆಂಪು ಕಲಸಿದೆ, ಯಾರೋ ದೊಡ್ಡ ಹೆಂಗಸಿನದ್ದು ಅನ್ನಿಸಿತು. ನಾನು ಯಾರಿಗೆ ಮಾಡುತ್ತಿದ್ದೇನೆ ಎಂದೇ ತಿಳಿಯದೆ ಅಳು ಬಂತು. ಕೊನೆಗೆ ಇಚಿಲಂಪಾಡಿಗೆ ಫೋನ್ ಮಾಡಿ, ಕುರ್ಚಿಯಲ್ಲಿಟ್ಟ ಸೀರೆಯ ಬಣ್ಣ ಕೇಳಿದೆ. "ಹಸುರು. ನಾನೇ ಪುತ್ತೂರಿಗೆ ಬಂದು ತೆಗೆದದ್ದು," ಎಂದರು, ಸ್ವಲ್ಪ ಹೆಮ್ಮೆಯಿಂದಲೇ. ಹಸುರೇ ಹಾಕಿದೆ.

ಹೂ ಒಣಗಲು ಮೂರು ವಾರ ಹಿಡಿಯಿತು. ಆಮೇಲೆ ಕಿಟಕಿಗಳನ್ನೆಲ್ಲ ಮುಚ್ಚಿ, ಹೀಟರ್ ಉರಿಸಿ ಕೋಣೆ ಒಣಗಿಸಿ, ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ದ್ರವವನ್ನು ನಿಧಾನ ಕಲಸಿ ಸುರಿದೆ. ಇದು ಅಂಟಂಟಾಗಿ ಉಳಿದರೆ ಆ ತಾಯಿಗೆ ಮತ್ತೊಂದು ಹಾರ ಎಲ್ಲಿಂದ ತರುವುದು? ಮರುದಿನ ಬೆರಳಿಟ್ಟು ನೋಡಿದಾಗ ಗಾಜಿನ ಹಾಗೆ ನಿಂತಿತ್ತು. ಮಲ್ಲಿಗೆ ಸ್ವಲ್ಪ ಕಂದಿತ್ತು, ಅಷ್ಟೇ.

ತೆಗೆದುಕೊಂಡು ಹೋಗಲು ಇಬ್ಬರು ಬಂದರು. ಜೊತೆಗಿದ್ದದ್ದು ಕುಂಬ್ರದ ಹುಡುಗನ ತಾಯಿ. ಇಚಿಲಂಪಾಡಿಯವರು ಫ್ರೇಮನ್ನು ತುಂಬಾ ಹೊತ್ತು ನೋಡಿದರು, ಸೆರಗಿನಿಂದ ಒರಸಿದರು, ಆಮೇಲೆ ಎರಡೂ ಕೈಯಲ್ಲಿ ಎತ್ತಿ ಬೀಗಿತಿಯ ಕೈಗೆ ಕೊಟ್ಟುಬಿಟ್ಟರು.

"ಅಯ್ಯೋ, ಅದು ನಿಮಗಲ್ವಾ ಅಕ್ಕ?" ಎಂದೆ ನಾನು.

"ಮದುವೆ ಆದ ಮೇಲೆ ಹುಡುಗಿ ಗಂಡನ ಮನೆಯಲ್ಲಿ ಅಲ್ವಾ ಮೇಡಂ ಇರುದು?"

"ಹೂ ಉಳಿದಿದೆ. ನಿಮಗೆ ಸಣ್ಣದೊಂದು ಬೇರೆ ಮಾಡಿಕೊಡ್ತೇನೆ."

"ಬೇಡ. ಕೊಟ್ಟ ಹುಡುಗಿಯನ್ನು ಅರ್ಧ ಇಟ್ಟುಕೊಳ್ಳುದು ಹೇಗೆ?"

ಹೇಳುತ್ತಲೇ ಅವರು ಕೈಚಾಚಿ ಫ್ರೇಮನ್ನು ಮತ್ತೊಮ್ಮೆ ಸೆರಗಿನಿಂದ ಒರಸಿದರು. ಉಳಿಸಿಕೊಡಿ ಎಂದವರೇ ಹೀಗೆ ಮಾಡಿದ್ದು ಸರಿಯೋ, ಹುಚ್ಚೋ, ಒಂದೂ ಅರ್ಥವಾಗದೆ ನಾನು ಪೆದ್ದಿಯ ಹಾಗೆ ನಿಂತೆ. ಕುಂಬ್ರದವರಿಗೂ ಏನು ತೋಚಿತೋ, ಫ್ರೇಮನ್ನು ಹಾಗೆಯೇ ಹಿಂದಕ್ಕೆ ಅವರ ಮಡಿಲಲ್ಲಿ ಇಟ್ಟರು.

"ಈಗ ಆಟಿ ಅಲ್ವಾ ಅಕ್ಕ? ಹೊಸ ಮದುಮಗಳು ತಾಯಿ ಮನೆಯಲ್ಲಿ ಕೂರುವ ತಿಂಗಳು. ನೀವೇ ಕರ್ಕೊಂಡು ಹೋಗಿ. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ದಿನ ನಾವು ಬಂದು ಕರ್ಕೊಂಡು ಬರ್ತೇವೆ."

ಸೋಣಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಇಚಿಲಂಪಾಡಿಯವರು ಫ್ರೇಮನ್ನು ತಬ್ಬಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಬೆಳಿಗ್ಗೆಯೇ ಬರ್ಬೇಡಿ ಆಯ್ತಾ? ಮಧ್ಯಾಹ್ನ ಊಟ ಮಾಡಿಸಿ ಕಳಿಸ್ತೇನೆ ಅವಳನ್ನು."